ಕಂಡವರು ಯಾರು? ಊರಿನ ವಾಟ್ಸಾಪ್ ಗುಂಪು ನಡೆಸುವವರಿಗೆ

ಕೆಲವು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು, ಕಾಫಿ ಕುಯ್ಲು ಜೋರಾಗಿತ್ತು. ಬೆಳಿಗ್ಗೆ ಆರೂವರೆಗೆ ನಮ್ಮೂರಿನ ವಾಟ್ಸಾಪ್ ಗುಂಪಿಗೆ ನಾನೊಂದು ವಿಡಿಯೊ ಹಾಕಿದೆ. ಐದು ಕಾಡಾನೆ ಟಾರು ರಸ್ತೆ ದಾಟುತ್ತಿದ್ದವು. ಕೆಳಗೆ 'ನಮ್ಮ ಕಡೆಗೇ ಬರ್ತಿವೆ, ಹುಷಾರು' ಎಂದು ಬರೆದೆ. ವಿಡಿಯೊ ಕಳಿಸಿದ್ದು ನನ್ನ ಭಾವ. ಅವರಿಗೆ ಯಾರು ಕಳಿಸಿದರು ಎಂದು ನಾನು ಕೇಳಲಿಲ್ಲ.

ಏಳು ಗಂಟೆಯೊಳಗೆ ಎರಡು ತೋಟದ ಆಳುಗಳು ತಾವಿರುವ ಸಾಲುಮನೆಗೆ, ಅಂದರೆ ಲೈನ್ ಮನೆಗೆ, ವಾಪಸ್ ಹೋದರು. ಶಾಲೆಗೆ ನಡೆದು ಹೋಗುವ ಮಕ್ಕಳು ಮನೆಯಲ್ಲೇ ಉಳಿದರು. ಹತ್ತು ಗಂಟೆಗೆ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. 'ಅಕ್ಕಾ, ಆ ವಿಡಿಯೊ ಇನ್ನೊಂದು ಸಲ ನೋಡಿ. ಹಿಂದೆ ಕಾಣೋ ಬೋರ್ಡು ಮಲಯಾಳಂದು.'

ನೋಡಿದೆ. ಹೌದು, ಮಲಯಾಳಂ. ಆನೆಗಳು ಕೇರಳದವು. ಯಾವ ವರ್ಷದ್ದೋ ಅದೂ ಗೊತ್ತಿಲ್ಲ.

ಅವತ್ತು ಹೋದ ಕೂಲಿಯನ್ನು ನಾನು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ನಿಜವಾದ ಪೆಟ್ಟು ಬಿದ್ದಿದ್ದು ಮುಂದಿನ ವಾರ. ಆನೆ ನಿಜಕ್ಕೂ ಬಂತು. ಗುಂಪಿಗೆ ಹಾಕಿದೆ. ಒಬ್ಬ ಹುಡುಗ 'ಇದು ಯಾವ ರಾಜ್ಯದ ಆನೆ ಅಕ್ಕಾ?' ಎಂದು ಕೇಳಿ ನಗುವ ಮುಖ ಹಾಕಿದ. ನಾಲ್ಕು ಜನ ಅದಕ್ಕೆ ಮೆಚ್ಚುಗೆ ಒತ್ತಿದರು. ಆನೆ ಮಾತ್ರ ಗದ್ದೆಯಲ್ಲಿತ್ತು.

ನಮ್ಮದು ಸಕಲೇಶಪುರ ತಾಲ್ಲೂಕು, ಬಾಳ್ಳುಪೇಟೆಯಿಂದ ಒಳಕ್ಕೆ. ಗುಂಪಿನಲ್ಲಿ ಮುನ್ನೂರು ಚಿಲ್ಲರೆ ಜನ. ನಾನು ಅಡ್ಮಿನ್‌ಗಳಲ್ಲಿ ಒಬ್ಬಳು. ಹಾಸನ, ಚಿಕ್ಕಮಗಳೂರು ಕಡೆ ಹೆಚ್ಚುಕಮ್ಮಿ ಪ್ರತಿ ಊರಿಗೂ ಇಂಥದ್ದೊಂದು ಗುಂಪಿದೆ, ಅಲ್ವಾ? ಅದನ್ನು ನಡೆಸುವವರಿಗೂ ಅದರಲ್ಲಿ ಇರುವವರಿಗೂ ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುಂಪನ್ನು ಎರಡು ಮಾಡಿ

ಒಂದು ತುರ್ತಿಗೆ, ಇನ್ನೊಂದು ಹರಟೆಗೆ. ಆನೆ, ರಸ್ತೆ, ಕರೆಂಟು, ಸಾವು, ರಕ್ತ ಬೇಕು ಎನ್ನುವ ಮಾತು ಮೊದಲನೆಯದಕ್ಕೆ. ಶುಭೋದಯದ ಗುಲಾಬಿ, ರಾಜಕೀಯ, ಕಾಫಿ ರೇಟು, ಹುಟ್ಟುಹಬ್ಬ ಎಲ್ಲ ಎರಡನೆಯದಕ್ಕೆ. ಗುಂಪಿನ ವಿವರಣೆಯ ಜಾಗದಲ್ಲಿ ಇದನ್ನು ಎರಡೇ ಸಾಲಿನಲ್ಲಿ ಬರೆದಿಡಿ. ಇಪ್ಪತ್ತು ನಿಯಮ ಬರೆದರೆ ಯಾರೂ ಓದಲ್ಲ.

ತುರ್ತು ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕಬೇಡಿ. ಆನೆ ಕಾಣುವುದು ಅಡ್ಮಿನ್‌ಗಲ್ಲ, ಬೆಳಗಿನ ಜಾವ ಹಾಲು ಹಾಕಲು ಹೋಗುವವರಿಗೆ. ಬೇಡದ್ದು ಬಂದರೆ ಅಳಿಸಿ. ಯಾರು ಹಾಕಿದ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸಲು ಅಡ್ಮಿನ್‌ಗೆ ಆಗುತ್ತದೆ. ಸಂದೇಶವನ್ನು ಒತ್ತಿ ಹಿಡಿದು, ಡಿಲೀಟ್ ಒತ್ತಿ, ಎಲ್ಲರಿಗೂ ಅಳಿಸುವ ಆಯ್ಕೆ ಆರಿಸಿದರೆ ಸಾಕು. ನಮ್ಮಲ್ಲಿ ಅರ್ಧಕ್ಕರ್ಧ ಅಡ್ಮಿನ್‌ಗಳಿಗೆ ಇದೇ ಗೊತ್ತಿರಲಿಲ್ಲ.

ಮೂರು ಪ್ರಶ್ನೆ

ಕಂಡವರು ಯಾರು? ಯಾವಾಗ? ಎಲ್ಲಿ? ಈ ಮೂರಕ್ಕೂ ಉತ್ತರ ಇಲ್ಲದ ಸಂದೇಶ ತುರ್ತು ಗುಂಪಿನಲ್ಲಿ ನಿಲ್ಲಬಾರದು. 'ಆನೆ ಬಂದಿದೆ ಹುಷಾರು' ಎನ್ನುವುದು ಸುದ್ದಿಯಲ್ಲ, ಬರೀ ಹೆದರಿಕೆ. ಈಗ ಬಂದಿದೆಯೋ, ನಿನ್ನೆ ರಾತ್ರಿ ಬಂದಿತ್ತೋ? ಒಂಟಿ ಸಲಗವೋ, ಮರಿ ಇರುವ ಗುಂಪೋ? ನಿಂತಿದೆಯೋ, ಹೊರಟಿದೆಯೋ?

ನಾವು ಈಗ ಬರೆಯುವುದು ಹೀಗೆ: 'ಇವತ್ತು ಬೆಳಿಗ್ಗೆ 5:40. ಕೆರೆ ಏರಿ ಹತ್ತಿರ ನಾನೇ ಕಂಡೆ. ಒಂಟಿ ಸಲಗ. ಶಾಲೆ ಕಡೆಗೆ ಹೊರಟಿದೆ.' ಇಷ್ಟು ಸಾಕು. ತಾರೀಖನ್ನೂ ಹಾಕಿದರೆ ಇನ್ನೂ ಒಳ್ಳೆಯದು. 'ಇವತ್ತು' ಎಂಬ ಪದ ನಾಳೆ ಬೇರೆ ಗುಂಪಿಗೆ ಹೋದರೆ ಅಲ್ಲಿ ಮತ್ತೊಮ್ಮೆ ಇವತ್ತಾಗುತ್ತದೆ.

ಟೈಪ್ ಮಾಡಲು ಬಾರದವರು ಧ್ವನಿ ಸಂದೇಶ ಕಳಿಸಲಿ. ನಮ್ಮ ಗುಂಪಿನಲ್ಲಿ ಅತಿ ನಂಬಿಕೆಯ ಆನೆ ಸುದ್ದಿ ಬರುವುದು ಓದು ಬಾರದ ಒಬ್ಬ ಅಜ್ಜನಿಂದ. 'ನಾನ್ ನೋಡ್ದೆ, ಈಗ, ಇಲ್ಲಿ' ಎಂದೇ ಅವರು ಶುರು ಮಾಡುವುದು. ನಾವು ಕಷ್ಟಪಟ್ಟು ಕಲಿತ ನಿಯಮ ಅವರಿಗೆ ಮೊದಲೇ ಗೊತ್ತಿತ್ತು.

ಗುಂಪಿಗೆ ಹಾಕುವುದರ ಜೊತೆಗೆ ಅರಣ್ಯ ಇಲಾಖೆಗೂ ಫೋನ್ ಮಾಡಿ. ಸಹಾಯವಾಣಿ 1926. ನಿಮ್ಮ ವಲಯದ ಆನೆ ಕಾರ್ಯಪಡೆಯ ನಂಬರ್ ಗೊತ್ತಿದ್ದರೆ ಇನ್ನೂ ಬೇಗ. ಜೀವಕ್ಕೆ ಅಪಾಯವಿದ್ದರೆ 112. ವಾಟ್ಸಾಪ್‌ನಲ್ಲಿ ಹಾಕಿದ ಕೂಡಲೇ ಇಲಾಖೆಗೆ ಗೊತ್ತಾಯಿತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ.

ಇನ್ನೊಂದು ಸೂಕ್ಷ್ಮ. ಆನೆ ನಿಂತ ಜಾಗವನ್ನು ಊರಿನ ಗುಂಪಿಗೆ ಹೇಳಿ, ಇನ್‌ಸ್ಟಾಗ್ರಾಂಗೆ ಹೇಳಬೇಡಿ. ಹಾಕಿ ಒಂದು ಗಂಟೆಯೊಳಗೆ ಬೈಕುಗಳು ಬರುತ್ತವೆ. ಹಾರ್ನು, ಶಿಳ್ಳೆ, ಸೆಲ್ಫಿ. ಸಿಟ್ಟಾದ ಆನೆ ಆಮೇಲೆ ಎದುರಾಗುವುದು ಬೈಕಿನವರಿಗಲ್ಲ, ಸಂಜೆ ಕೆಲಸ ಮುಗಿಸಿ ನಡೆದು ಬರುವವರಿಗೆ. ಆನೆ ದಾಟಿ ಹೋದ ಮೇಲೆ 'ದಾಟಿತು' ಎಂದು ಅದೇ ಗುಂಪಿಗೆ ಹಾಕಿ. ಈ ಎರಡನೆಯ ಸಂದೇಶವನ್ನು ಎಲ್ಲರೂ ಮರೆಯುತ್ತಾರೆ. ಅದು ಬರದಿದ್ದರೆ ಜನ ಮಧ್ಯಾಹ್ನದವರೆಗೂ ಬಾಗಿಲು ಹಾಕಿಕೊಂಡು ಕೂರುತ್ತಾರೆ.

2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ನಮ್ಮದೇ ತಾಲ್ಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಅಂಬಾರಿ ಹೊತ್ತ ಆನೆ. ಎಲ್ಲರಿಗೂ ಹೊಟ್ಟೆ ಉರಿದಿತ್ತು. ಅವತ್ತು ಸಂಜೆ ಸಾವಿನ ಬಗ್ಗೆ ನಮ್ಮ ಗುಂಪಿಗೆ ನಾಲ್ಕು ಥರದ ಕಥೆ ಬಂತು. ಬರೆದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. 'ಕಂಡವರು ಯಾರು?' ಎಂದು ಕೇಳಿದೆ. ಮೂರು ಕಥೆ ತಾವಾಗಿಯೇ ಅಳಿಸಿಹೋದವು.

ಮಳೆಗಾಲದ ಸುದ್ದಿ

ಜೂನ್ ಬಂತೆಂದರೆ ಎರಡು ಥರದ ಫಾರ್ವರ್ಡ್ ಶುರು. ಒಂದು, 'ನಾಳೆ ಶಾಲೆಗೆ ರಜೆ'. ಇನ್ನೊಂದು, 'ಘಾಟಿ ಬಂದ್'.

ರಜೆಯ ಆದೇಶದ ಫೋಟೊ ಬಂದರೆ ಮೊದಲು ದಿನಾಂಕ ನೋಡಿ. ಹೋದ ವರ್ಷದ ಆದೇಶ ಅದೇ ಸಹಿ, ಅದೇ ಮುದ್ರೆಯೊಂದಿಗೆ ತಿರುಗಿ ಬರುತ್ತದೆ. ದಿನಾಂಕದ ಅಂಕಿ ಮಾತ್ರ ಉಳಿದ ಅಕ್ಷರಕ್ಕಿಂತ ದಪ್ಪವಾಗಿಯೋ ಸೊಟ್ಟವಾಗಿಯೋ ಇದ್ದರೆ ಯಾರೋ ತಿದ್ದಿದ್ದಾರೆ. ಆಮೇಲೆ ತಾಲ್ಲೂಕಿನ ಹೆಸರು ನೋಡಿ. ನಮ್ಮಲ್ಲಿ ರಜೆ ಎಷ್ಟೋ ಸಲ ತಾಲ್ಲೂಕು ಲೆಕ್ಕದಲ್ಲಿ ಕೊಡುತ್ತಾರೆ. ಸಕಲೇಶಪುರಕ್ಕೆ ರಜೆ ಇದ್ದು ಅರಸೀಕೆರೆಗೆ ಇಲ್ಲದಿರಬಹುದು. ಮೂಡಿಗೆರೆ, ಶೃಂಗೇರಿ, ಕೊಪ್ಪಕ್ಕೆ ಇದ್ದು ಕಡೂರಿಗೆ ಇಲ್ಲದಿರಬಹುದು. ಕೊನೆಗೆ ಶಾಲೆಯ ಮೇಷ್ಟ್ರಿಗೆ ಒಂದು ಫೋನ್. ಮೂವತ್ತು ಸೆಕೆಂಡಿನ ಕೆಲಸ.

ಘಾಟಿ ವಿಷಯ ಇದಕ್ಕಿಂತ ಗಂಭೀರ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಿತ್ತು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲು ಬಳಿ ಮಣ್ಣು ಜಾರಿ ಶಿರಾಡಿ ರಸ್ತೆ ಬಂದ್ ಆಗಿತ್ತು. ಆ ವಿಡಿಯೊಗಳು ಹಳೆಯವಾದರೂ ಸಾಯುವುದಿಲ್ಲ. ಪ್ರತಿ ವರ್ಷ ಹೊಸದಾಗಿ 'ಈಗಷ್ಟೇ' ಕುಸಿಯುತ್ತವೆ. ಮಂಗಳೂರಿನ ಆಸ್ಪತ್ರೆಗೆ ಹೊರಟವರು ಇಂಥ ವಿಡಿಯೊ ನಂಬಿ ಸುತ್ತು ಹಾಕಿಕೊಂಡು ಹೋದರೆ ಅದರ ಹೊಣೆ ಯಾರದ್ದು?

ಪರೀಕ್ಷೆ ಸುಲಭ. ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದೆಯೇ ನೋಡಿ. ಇದ್ದರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ. ಅಂಥದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಲು ಬಿಡುತ್ತದೆ. ಆ ಗುರುತು ಕಂಡರೆ 'ಈಗಷ್ಟೇ' ಎನ್ನುವ ಮಾತನ್ನು ಅನುಮಾನಿಸಿ. ಆಮೇಲೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಫೋಟೊ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯದಾದರೆ ಹಳೆಯ ಸುದ್ದಿಯ ಜೊತೆಗೆ ಸಿಗಬಹುದು. ನಾನು ಹುಡುಕುವುದಕ್ಕಿಂತ ಮೊದಲು ಮಾಡುವ ಕೆಲಸ ಇನ್ನೊಂದಿದೆ. ಹಿನ್ನೆಲೆಯ ಬೋರ್ಡು, ಬಸ್ಸಿನ ಬಣ್ಣ, ಗಾಡಿಯ ನಂಬರ್, ಜನ ಆಡುವ ಭಾಷೆ. ಯಾಕೆ ಅಂತ ನಿಮಗೆ ಗೊತ್ತಲ್ಲ.

ಈಚೆಗೆ ಎಐ ಮಾಡಿದ ಚಿರತೆಗಳೂ ಬರುತ್ತಿವೆ. ಸಿಸಿಟಿವಿ ಥರ ಕಾಣುತ್ತವೆ. ಮೂಲೆಯ ಗಂಟೆ, ತಾರೀಖು ಕಲಸಿದ ಹಾಗಿರುತ್ತದೆ. ಕೆಲವಕ್ಕೆ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಆದರೆ ಈ ಗುರುತುಗಳನ್ನು ಜಾಸ್ತಿ ನೆಚ್ಚಬೇಡಿ, ದಿನದಿನಕ್ಕೆ ಸಾಫಾಗುತ್ತಿವೆ. ಲೆನ್ಸ್‌ನಲ್ಲೂ ಸಿಗದಿರಬಹುದು. ಇಲ್ಲಿ ಕೈಹಿಡಿಯುವುದು ಅದೇ ಹಳೆಯ ಪ್ರಶ್ನೆ: ಯಾರ ಮನೆ ಕ್ಯಾಮೆರಾ? ಅವರಿಗೆ ಫೋನ್ ಮಾಡೋಣವಾ?

ಫೋಟೊದಲ್ಲಿ ಇರುವವರು

ಇದು ನಾನು ಜಾಸ್ತಿ ಹೊತ್ತು ಮಾತಾಡಬೇಕೆಂದಿರುವ ವಿಷಯ.

2024ರ ಏಪ್ರಿಲ್. ಲೋಕಸಭೆಗೆ ಹಾಸನದಲ್ಲಿ ಮತದಾನ 26ಕ್ಕೆ. ಅದಕ್ಕೆ ಕೆಲವೇ ದಿನ ಮುಂಚೆ ಪೆನ್‌ಡ್ರೈವ್‌ಗಳು ಹರಿದಾಡಿದವು. ಒಳಗಿದ್ದದ್ದು ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು, ಮುಖ ಕೂಡ ಮುಚ್ಚದೆ. ಪೆನ್‌ಡ್ರೈವ್‌ನಿಂದ ಫೋನಿಗೆ, ಫೋನಿನಿಂದ ಫೋನಿಗೆ. ಅವನ್ನು ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ದಳ ಎಚ್ಚರಿಕೆ ಕೊಡಬೇಕಾಯಿತು. ಮಾಡಿದವರ ಕಥೆ ಕೋರ್ಟಿನದು. ನನಗೆ ಕಾಡುವುದು ಹಂಚಿದವರ ಕಥೆ. ಅವರಲ್ಲಿ ಯಾರೂ ಕೆಟ್ಟವರ ಹಾಗೆ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಮನೆಯಲ್ಲಿ ಬಡಿಸುವವರು. 'ನೋಡಿದ್ರಾ, ನಿಮಗೂ ಕಳಿಸ್ಲಾ?' ಎಂದು ಕೇಳಿದವರು.

ನಮ್ಮದು ಸಣ್ಣ ಜಿಲ್ಲೆ. ಆ ಮುಖಗಳು ಯಾರದ್ದೋ ಅಲ್ಲ. ಯಾರದೋ ಅತ್ತಿಗೆ, ಯಾರದೋ ಚಿಕ್ಕಮ್ಮ, ಸಂತೆಯಲ್ಲಿ ಸಿಗುವವರು.

ಇಂಥದ್ದು ಬಂದರೆ ಏನು ಮಾಡಬೇಕು? ತೆರೆಯಬೇಡಿ, ಯಾರಿಗೂ ಕಳಿಸಬೇಡಿ. 'ಇದು ತಪ್ಪು ನೋಡಿ' ಎಂದು ತೋರಿಸಲಿಕ್ಕೂ ಕಳಿಸಬೇಡಿ. ಗುಂಪಿಗೆ ಬಂದಿದ್ದರೆ ಯಾರು, ಎಷ್ಟು ಹೊತ್ತಿಗೆ ಹಾಕಿದರು ಎಂದು ಬರೆದಿಟ್ಟುಕೊಂಡು ಕೂಡಲೇ ಎಲ್ಲರಿಗೂ ಅಳಿಸಿ. ಹಾಕಿದವರನ್ನು ತೆಗೆದುಹಾಕಿ, ಪೊಲೀಸರಿಗೆ ತಿಳಿಸಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಲ್ಲಿ ಲೈಂಗಿಕ ದೃಶ್ಯ ಹಂಚಿದವರಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಬೇರೆಯೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು. 'ನಾನು ಸುಮ್ನೆ ಫಾರ್ವರ್ಡ್ ಮಾಡಿದ್ದು' ಎನ್ನುವುದು ಉತ್ತರವಾಗುವುದಿಲ್ಲ.

ನಿಮ್ಮ ಮನೆಯ ಹುಡುಗಿಯದ್ದೇ ಖಾಸಗಿ ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದರೆ? ಮೊದಲು ಅವಳನ್ನು ಬಯ್ಯಬೇಡಿ. 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಜಾಲತಾಣವಿದೆ. ಫೋಟೊವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ. ಅದರ ಗುರುತಿನ ಸಂಖ್ಯೆಯೊಂದು ನಿಮ್ಮ ಫೋನಿನಲ್ಲೇ ತಯಾರಾಗಿ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಅದನ್ನಿಟ್ಟುಕೊಂಡು ಆ ಫೋಟೊ ತಮ್ಮಲ್ಲಿ ಏರದಂತೆ ತಡೆಯುತ್ತವೆ. ಹದಿನೆಂಟು ತುಂಬದವರಿಗೆ 'ಟೇಕ್ ಇಟ್ ಡೌನ್' ಎಂಬ ಇನ್ನೊಂದು ಇದೆ.

ಅಪಘಾತದ ಫೋಟೊ ಕೂಡ ಇದೇ ಸಾಲಿಗೆ ಸೇರಿದ್ದು. ಒಂದು ಸಂಜೆ ನಮ್ಮ ಗುಂಪಿಗೆ ಹೆದ್ದಾರಿಯ ಬೈಕ್ ಅಪಘಾತದ ಫೋಟೊ ಬಂತು. ಮುಖ ಕಾಣುತ್ತಿರಲಿಲ್ಲ, ಗಾಡಿ ನಂಬರ್ ಕಾಣುತ್ತಿತ್ತು. ಆ ಹುಡುಗನ ತಂಗಿ ಗುಂಪಿನಲ್ಲೇ ಇದ್ದಳು. ಅವಳು ಅದನ್ನು ನೋಡಿದ್ದು ಹಾಸ್ಟೆಲಿನಲ್ಲಿ, ಒಬ್ಬಳೇ ಇದ್ದಾಗ. ಹುಡುಗ ಉಳಿದ, ಪುಣ್ಯ. ಆದರೆ ಆ ಹದಿನೈದು ನಿಮಿಷವನ್ನು ಅವಳು ಇನ್ನೂ ಮರೆತಿಲ್ಲ. ಅವಳ ಮುಖ ನೋಡಿದಾಗೆಲ್ಲ ನಾನೂ ಮರೆತಿಲ್ಲ. ಅಂದಿನಿಂದ ನಮ್ಮಲ್ಲಿ ಅಪಘಾತದ ಫೋಟೊ ಇಲ್ಲವೇ ಇಲ್ಲ. ಜಾಗ ಬರೆಯಬಹುದು, 112ಕ್ಕೆ ಫೋನ್ ಆಯಿತು ಎಂದು ಬರೆಯಬಹುದು. ಅಷ್ಟೇ.

ಆಧಾರ್ ಕಾರ್ಡಿನ ಫೋಟೊ ಕೂಡ ಬೇಡ. 'ಈ ಕಾರ್ಡು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದೆ' ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಹೆಸರು, ಊರು ಬರೆದರೆ ಸಾಕು, ನಂಬರ್ ಯಾಕೆ ಮುನ್ನೂರು ಜನಕ್ಕೆ?

ಹೊರಗಿನವರ ಮೇಲಿನ ಗುಮಾನಿ

ನಮ್ಮ ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು ಬಹಳ. ಅವರಿಲ್ಲದೆ ಎಷ್ಟೋ ತೋಟದ ಕುಯ್ಲೇ ಆಗುವುದಿಲ್ಲ. ಹಾಗಿದ್ದೂ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಫಾರ್ವರ್ಡ್ ಬಂದರೆ ಮೊದಲು ತಿರುಗಿ ನೋಡುವುದು ಅವರ ಲೈನ್ ಮನೆ ಕಡೆಗೇ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ನಮ್ಮ ರಾಜ್ಯ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದ್‌ನಿಂದ ಸುತ್ತಾಡಲು ಬಂದಿದ್ದವರನ್ನು ಜನ ಮಕ್ಕಳ ಕಳ್ಳರೆಂದು ಹೊಡೆದರು. ಅವರು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ವಿಡಿಯೊ ಅವರ ಕಾರಿಗಿಂತ ಮೊದಲು ಮುಂದಿನ ಊರು ತಲುಪಿತ್ತು. ಒಬ್ಬ ಯುವಕ ಸತ್ತ. ಆಮೇಲೆ ಬಂಧನವಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರು ಹಾಕಿದ್ದಕ್ಕೆಲ್ಲ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ನಿಜ. ಆದರೆ ತಾನೇ ಹಾಕಿದರೆ, ತಾನೇ ಉರಿಗೆ ಗಾಳಿ ಹಾಕಿದರೆ ಆ ಮಾತು ಕಾಪಾಡುವುದಿಲ್ಲ. ಹಾಗಾಗಿ ಮಕ್ಕಳ ಕಳ್ಳರ ಸಂದೇಶ ಬಂದರೆ ನಾನು ಚರ್ಚೆಗೆ ಬಿಡುವುದಿಲ್ಲ. ಅಳಿಸುತ್ತೇನೆ, ಠಾಣೆಗೆ ಫೋನ್ ಮಾಡಿ ಕೇಳುತ್ತೇನೆ, ಅವರು ಹೇಳಿದ್ದನ್ನು ಬರೆಯುತ್ತೇನೆ. ಅಪರಿಚಿತರ ಫೋಟೊ, ಗಾಡಿ ನಂಬರ್ ಹಾಕಿ 'ಇವರ ಮೇಲೆ ಕಣ್ಣಿಡಿ' ಎನ್ನುವುದಕ್ಕೂ ಅದೇ ಗತಿ. ಅನುಮಾನ ಇದ್ದರೆ ಪೊಲೀಸರಿಗೆ ಹೇಳಿ, ಮುನ್ನೂರು ಜನಕ್ಕಲ್ಲ.

ದುಡ್ಡು ಮತ್ತು ಮದುವೆ ಕಾಗದ

ಮದುವೆ ಕಾಗದ ಎಂದು ಬರುವ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ಮುಟ್ಟಬೇಡಿ. ಅದು ಕಾಗದವಲ್ಲ, ಆಪ್. ಹಾಕಿಕೊಂಡರೆ ಫೋನಿನ ಎಸ್‌ಎಂಎಸ್, ಅದರ ಜೊತೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ ಹೋಗಬಹುದು. ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲೂ ಬರುತ್ತದೆ. ಮೋಸದ ಜಾಣತನ ಏನೆಂದರೆ, ಎಷ್ಟೋ ಸಲ ಅದು ಬರುವುದು ಗೊತ್ತಿರುವವರ ನಂಬರಿನಿಂದಲೇ. ಅವರ ಫೋನು ಮೊದಲೇ ಕೈತಪ್ಪಿರುತ್ತದೆ. ನಮ್ಮ ಗುಂಪಿಗೆ ಹೀಗೆ ಬಂದಾಗ ಮೊದಲು ಅಳಿಸಿದೆವು, ಆ ನಂಬರನ್ನು ಗುಂಪಿನಿಂದ ತೆಗೆದೆವು. ಆಮೇಲೆ ಒಬ್ಬರು ಅವರ ಮನೆಗೇ ಹೋಗಿ ಹೇಳಿದರು. ಫೋನ್ ಮಾಡಿ ಪ್ರಯೋಜನವಿರಲಿಲ್ಲ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. 'ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದರೆ ಫೋನ್ ಇಡಿ. ಯುಪಿಐನಲ್ಲಿ ಪಿನ್ ಬೇಕಾಗುವುದು ದುಡ್ಡು ಕೊಡಲಿಕ್ಕೆ, ತೆಗೆದುಕೊಳ್ಳಲಿಕ್ಕಲ್ಲ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡು 'ಡಿಜಿಟಲ್ ಅರೆಸ್ಟ್' ಎಂದರೂ ಇಟ್ಟುಬಿಡಿ. ಅಂಥದ್ದೊಂದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಡುತ್ತಾ ಕೂರಬೇಡಿ. ತಕ್ಷಣ 1930. ಬೇಗ ಹೇಳಿದಷ್ಟೂ ಹಣ ಮುಂದೆ ಸಾಗದಂತೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಹಿರಿಯರನ್ನು ತಿದ್ದುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಸುಳ್ಳು ಸುದ್ದಿ ಹಾಕುವವರು ಹೆಚ್ಚಾಗಿ ನಮಗಿಂತ ದೊಡ್ಡವರು, ಮನೆಗೆ ಬೇಕಾದವರು. ಗುಂಪಿನಲ್ಲೇ 'ಇದು ಫೇಕ್' ಎಂದು ಬರೆದರೆ ಅವರಿಗೆ ಅವಮಾನ. ಆಮೇಲೆ ಸುಳ್ಳಿಗಿಂತ ಜಾಸ್ತಿ ಅವರ ಮರ್ಯಾದೆಯ ಜಗಳವೇ ನಡೆಯುತ್ತದೆ.

ಅದಕ್ಕೆ ನಾನು ಫೋನ್ ಮಾಡುತ್ತೇನೆ. 'ಮಾವ, ನೀವು ಹಾಕಿದ್ದು ನೋಡಿದೆ. ನಿಮಗೆ ಯಾರು ಕಳಿಸಿದ್ದು?' ಎಂದು ಕೇಳುತ್ತೇನೆ. ಸುಳ್ಳು ಎನ್ನುವ ಪದ ನನ್ನ ಬಾಯಿಂದ ಬರುವುದಿಲ್ಲ. ಸಾಮಾನ್ಯವಾಗಿ ಅವರೇ 'ಹಂಗಾದ್ರೆ ತೆಗೆದ್ಬಿಡು ಮಾರಾಯ್ತಿ' ಎನ್ನುತ್ತಾರೆ. ತಪ್ಪು ನನ್ನದಾದರೆ ಮಾತ್ರ ಉಲ್ಟಾ. ಎಲ್ಲಿ ಹಾಕಿದ್ದೆನೋ ಅಲ್ಲೇ, ಎಲ್ಲರೆದುರಿಗೇ ತಪ್ಪಾಯಿತು ಎನ್ನಬೇಕು. ಸದ್ದಿಲ್ಲದೆ ಅಳಿಸಿದರೆ ನೋಡಿದವರ ತಲೆಯಿಂದ ಅದು ಅಳಿಸುವುದಿಲ್ಲ.

ಭಾವ ಈಗ ಸುಧಾರಿಸಿದ್ದಾರೆ. ವಿಡಿಯೊ ಕಳಿಸುವಾಗ ಕೆಳಗೆ 'ಬೋರ್ಡು ನೋಡಿದ್ದೀನಿ, ಕನ್ನಡ' ಎಂದು ಬರೆಯುತ್ತಾರೆ.

ಇವತ್ತೇ ಮಾಡಬಹುದಾದ ಸೆಟ್ಟಿಂಗ್‌ಗಳು

ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿಕೊಳ್ಳಿ. ನಿಮ್ಮನ್ನು ಗುಂಪಿಗೆ ಸೇರಿಸುವ ಹಕ್ಕು ಪರಿಚಯದವರಿಗೆ ಮಾತ್ರ ಇರಲಿ. ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ತಿಂಗಳಿಗೊಮ್ಮೆ 'ಲಿಂಕ್ ಆದ ಸಾಧನಗಳು' ತೆರೆದು ನೋಡಿ, ನಿಮ್ಮದಲ್ಲದ್ದು ಇದ್ದರೆ ಹೊರಗೆ ಹಾಕಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಕಳೆದುಹೋದ ಫೋನನ್ನೂ ಅಲ್ಲೇ ಬ್ಲಾಕ್ ಮಾಡಿಸಬಹುದು. ಗುಂಪಿಗೆ ಕಡಿಮೆಯೆಂದರೂ ಮೂವರು ಅಡ್ಮಿನ್ ಇರಲಿ, ಅವರಲ್ಲಿ ಒಬ್ಬರು ಬೆಳಿಗ್ಗೆ ಐದಕ್ಕೇ ಏಳುವವರಾಗಿರಲಿ.

ಕೊನೆಯದು ಫೋನಿನ ಕೆಲಸವೇ ಅಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೆ ಟವರ್ ಹೋಗುತ್ತದೆ, ಟವರ್ ಹೋದರೆ ಗುಂಪೇ ಇಲ್ಲ. ಅದಕ್ಕೇ ನಾವು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೆ ಹೊಡೆದಿದ್ದೇವೆ. ಅರಣ್ಯ ಇಲಾಖೆ, ಠಾಣೆ, ಲೈನ್‌ಮ್ಯಾನ್, ಜೀಪು ಇರುವ ಮೂರು ಮನೆ. ಅದರ ಕೆಳಗೆ, ಆನೆ ಬಂದರೆ ಯಾವ ಲೈನ್ ಮನೆಗೆ ಯಾರು ಹೋಗಿ ಹೇಳಬೇಕು ಎಂಬ ಪಟ್ಟಿ. ಮೇಲಿನ ಲೈನಿಗೆ ನನ್ನ ಹೆಸರಿದೆ. ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.